ಎರಡನೆಯ ಕರಡಿಗೆ

“ಈ ಡಬ್ಬಿ ಬ್ಯಾಡ ಕಣ್ಲಾ ಜಡೇಸ್ವಾಮಿ. ಬೀದಿ ಆ ಕಡೆ ನಿಂತು ನೋಡುದ್ರೂ ಸೋಪ್ ಡಬ್ಬಿ ಅಂತ ಗೊತ್ತಾಯ್ತದೆ.”

“ಸೋಪ್ ಡಬ್ಬಿ ಸೋಪ್ ಡಬ್ಬಿ ತರ ಕಾಣ್ದೆ ತಾವರೆ ಊವಿನ ತರ ಕಂಡಾದಾ ಬಾವ?” ಎಂದ ಜಡೇಸ್ವಾಮಿ, ಕೈಯಲ್ಲಿದ್ದ ಕಾದ ಸೋಲ್ಡರಿಂಗ್ ಕಡ್ಡಿಯನ್ನು ಸ್ಟ್ಯಾಂಡಿಗೆ ಒರಗಿಸುತ್ತ.

ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ, ಒಂದು ಕಡೆ ರೇಷ್ಮೆ ಮಗ್ಗದ ಸದ್ದು, ಇನ್ನೊಂದು ಕಡೆ ಕಲಾಯಿಯವನ ತಿದಿಯ ಸದ್ದು, ನಡುವೆ ಜಡೇಸ್ವಾಮಿಯ ರೇಡಿಯೋ ರಿಪೇರಿ ಅಂಗಡಿ. ಎದುರಿನ ಸ್ಟೂಲಿನ ಮೇಲೆ ಛತ್ರಿಯನ್ನು ತೊಡೆಗೆ ಅಡ್ಡ ಇಟ್ಟುಕೊಂಡು ಕೂತಿದ್ದವನು ಯಳಂದೂರಿನ ಶಿವನಂಜಯ್ಯ. ಜಡೇಸ್ವಾಮಿಯ ಸೋದರತ್ತೆ ಚನ್ನಾಜಮ್ಮನ ಒಬ್ಬನೇ ಮಗ. ಇಬ್ಬರ ನಡುವೆ ಮೇಜಿನ ಮೇಲೆ ಒಂದು ಗುಲಾಬಿ ಬಣ್ಣದ ಪ್ಲಾಸ್ಟಿಕ್ಕು ಸೋಪಿನ ಡಬ್ಬಿ, ಅದರ ಮುಚ್ಚಳದಲ್ಲಿ ಕಾದ ಸೂಜಿಯಿಂದ ಚುಚ್ಚಿದ ತೂತುಗಳು.

ಆ ಡಬ್ಬಿಯೊಳಗೆ ಜಡೇಸ್ವಾಮಿಯ ಇಡೀ ಬೇಸಿಗೆ ಇತ್ತು. ಒಂದು ಹಳೆಯ ಪತ್ರಿಕೆಯ ಹಾಳೆಯಲ್ಲಿದ್ದ ನಕ್ಷೆ ಹಿಡಿದು, ಕೆಟ್ಟ ರೇಡಿಯೋಗಳಿಂದ ಬಿಚ್ಚಿದ ಮೂರು ಟ್ರಾನ್ಸಿಸ್ಟರು, ಹಳೇ ಬೆಳ್ಳಿ ರೂಪಾಯಿಯಷ್ಟಗಲದ ಒಂದು ಮೈಕು, ಎರಡು ಪೆನ್ಸಿಲ್ ಸೆಲ್ಲು ಸೇರಿಸಿ ಅವನು ಮಾಡಿದ್ದು ಕಿವಿ ಕೇಳಿಸುವ ಯಂತ್ರ. ಡಬ್ಬಿಯಿಂದ ಒಂದು ತೆಳ್ಳನೆ ವೈರು ಹೊರಟು, ಕಿವಿಗೆ ಇಟ್ಟುಕೊಳ್ಳುವ ಪುಟ್ಟ ಬಿರಡೆಯಲ್ಲಿ ಮುಗಿಯುತ್ತಿತ್ತು. ಮೈಸೂರಿನಲ್ಲಿ ಇಂಥದ್ದು ಸಿಗುತ್ತದೆ ಎಂದು ಕೇಳಿದ್ದ. ಸಿಕ್ಕಿದರೆ ಸಿಗಲಿ, ನಮ್ಮತ್ತೆಗೆ ನಾನು ಮಾಡಲಾರೆನೇ ಅನ್ನುವುದು ಅವನ ಹಮ್ಮು. ಅವನಿಗೆ ಹಮ್ಮು ಸ್ವಲ್ಪ ಜಾಸ್ತಿಯೇ. ಅಂಗಡಿಗೆ ಬಂದವರಿಗೆಲ್ಲ ಡಬ್ಬಿ ತೋರಿಸಿ, ಕಿವಿಗೆ ತುರುಕಿ, “ಕೇಳುಸ್ತಾ? ಪಕ್ಕದ ಮಗ್ಗ ಕೇಳುಸ್ತಾ?” ಎಂದು ಕಿರುಚಿ, ಚೆನ್ನಾಗಿ ಕೇಳುತ್ತಿದ್ದ ಎಷ್ಟೋ ಕಿವಿಗಳನ್ನು ಕೆಡಿಸುವ ಹಂತಕ್ಕೆ ತಂದಿದ್ದ.

ಶಿವನಂಜಯ್ಯನಿಗೆ ಯಂತ್ರದ ಬಗ್ಗೆ ತಕರಾರಿರಲಿಲ್ಲ. ಅವನ ತಕರಾರೆಲ್ಲ ಡಬ್ಬಿಯ ಬಗ್ಗೆ.

“ಸೋಮವಾರ ಸತ್ತೇಗಾಲದೋರು ನಮ್ ನೀಲನ್ನ ನೋಡಕೆ ಬತ್ತಾವ್ರೆ. ಅವ್ವ ಪಡಸಾಲೇಲಿ ಇದನ್ನ ಕತ್ಗೆ ನೇತಾಕಂಡು ಕುಂತ್ರೆ ಏನಂದ್ಕಂಡಾರು? ವಂಸದಲ್ಲೇ ಕಿವುಡು ಅದೆ, ನಾಳೆ ಎಣ್ಗೂ ಬತ್ತದೆ, ಮೊಮ್ಮಕ್ಳಿಗೂ ಬತ್ತದೆ ಅನ್ನಕಿಲ್ವಾ?”

“ಅತ್ತೆ ಕಿವಿ ವಂಸದಿಂದ ಓಯ್ತಾ ಬಾವ? ನಿಂಗೆ ಚಳಿಜ್ವರ ಬಂದಾಗ ನಿನ್ ತಲೆದಸೀಲಿ ಕುಂತು ಕುಂತು ತಾನೂ ಮಲೀಕಂಡು, ಎದ್ದಾಗ ಕಿವಿ ಓಗಿತ್ತು. ಊರ್ಗೇ ಗೊತ್ತದೆ.”

“ನಮ್ಮೂರ್ಗೆ ಗೊತ್ತದೆ. ಸತ್ತೇಗಾಲಕ್ಕೆ ಗೊತ್ತಾ?”

“ಏಳು ಮತ್ತೆ. ಬಾಯಿಲ್ವಾ?”

“ಅದೆಲ್ಲ ಏಳ್ಕಂಡು ಕೂರಕಾಯ್ತದಾ? ಒಂದು ಕೆಲ್ಸ ಮಾಡಾನ. ಅವತ್ತೊಂದಿನ ಅವ್ವ ಇತ್ಲ ಕ್ವಾಣೇಲಿ ಇರ್ಲಿ. ಮೈಗೆ ಉಸಾರಿಲ್ಲ ಅಂದ್ಬುಡಾನ.”

ಜಡೇಸ್ವಾಮಿಗೆ ಪಿತ್ತ ನೆತ್ತಿಗೇರಿತು. ಶಿವನಂಜಯ್ಯನ ಮಗಳು ನೀಲಳನ್ನು ಎತ್ತಿ ಆಡಿಸಿ, ಜಡೆ ಹೆಣೆದು, ಮೈ ನೆರೆದಾಗ ಆರತಿ ಎತ್ತಿದವಳು ಚನ್ನಾಜಮ್ಮ. ಆ ಹುಡುಗಿಯನ್ನು ನೋಡಲು ಜನ ಬರುವಾಗ ಅವಳು ಹಿತ್ತಲ ಕೋಣೆಯಲ್ಲಿ, ಹುಣಸೆಹಣ್ಣಿನ ಗಡಿಗೆಗಳ ಪಕ್ಕದಲ್ಲಿ ಕೂರಬೇಕಂತೆ.

“ಅತ್ತೆ ಪಡಸಾಲೇಲಿ ಕೂರ್ತರೆ” ಎಂದ. “ಕೂತ್ಕಂಡು ಎಲ್ಲಾನೂ ಕೇಳ್ತರೆ. ಅದ್ಕೆ ಅಂತಾನೇ ನಾನು ಇದನ್ನ ಮಾಡಿರದು.”

“ಅಂಗಾರೆ ಯಾರ್ಗೂ ಗೊತ್ತಾಗ್ದಂಗೆ ಮಾಡು. ಗೊತ್ತಾಗ್ದಂಗಿದ್ರೆ ಪಡಸಾಲೆ. ಇಲ್ದಿದ್ರೆ ಇತ್ಲ ಕ್ವಾಣೆ.” ಶಿವನಂಜಯ್ಯ ಎದ್ದ. ಏಳುವಾಗ ರೂಢಿಯಂತೆ ಅಂಗಿಯ ಮೇಲಿಂದಲೇ ಎದೆ ಮುಟ್ಟಿ ನೋಡಿಕೊಂಡ. ಒಳಗೆ ಶಿವದಾರದಲ್ಲಿ ಅವನ ಇಷ್ಟಲಿಂಗವಿದ್ದ ಮೊಟ್ಟೆಯಾಕಾರದ ಬೆಳ್ಳಿ ಕರಡಿಗೆ ತೂಗುತ್ತಿತ್ತು. ಮುಟ್ಟಿದ ಕೈ ಅಲ್ಲೇ ನಿಂತಿತು. “ಲೇ, ಕರಡಿಗೆ ತರ ಮಾಡ್ಬುಡ್ಲಾ! ಕತ್ನಲ್ಲಿ ಕರಡಿಗೆ ಇದ್ರೆ ಯಾವನ್ ಕೇಳಾನು?”

“ಲಿಂಗ ಇರೋ ರೂಪ್ದಲ್ಲಿ ಸೆಲ್ ತುಂಬು ಅಂತೀಯಲ್ಲ, ನಿಂಗೆ ನಾಚ್ಕೆ ಆಗಕಿಲ್ವಾ?”

“ಸೋಮವಾರ” ಎಂದು ಹೇಳಿ ಶಿವನಂಜಯ್ಯ ಯಳಂದೂರಿನ ಬಸ್ಸು ಹಿಡಿಯಲು ಹೊರಟೇಹೋದ.

ಅವನು ಹೋದ ಮೇಲೆ ಜಡೇಸ್ವಾಮಿ ಬಹಳ ಹೊತ್ತು ಬೈದ. ಗೋಡೆಗೆ ಬೈದ, ಸೋಪ್ ಡಬ್ಬಿಗೆ ಬೈದ, ರೇಡಿಯೋ ಕೊಡಲು ಬಂದ ಕಾಮಗೆರೆಯ ಗಿರಾಕಿಗೆ ಕಾರಣವಿಲ್ಲದೆ ಬೈದ. ಸಿಟ್ಟು ಬಾಯಲ್ಲೇನೋ ಇತ್ತು. ಕೈ ಮಾತ್ರ ಪೆನ್ಸಿಲು ಹಿಡಿದು ಕಾಗದದ ಮೇಲೆ ಒಂದು ಮೊಟ್ಟೆಯಾಕಾರ ಬರೆದಿತ್ತು. ಅದರೊಳಗೆ ಎರಡು ಸೆಲ್ಲು ಅಕ್ಕಪಕ್ಕ ಮಲಗಿಸಿ ನೋಡಿತು. ಹಿಡಿಸಿತು.

ಇದೇ ಅವನಿಗೆ ಇನ್ನೂ ಸಿಟ್ಟು ತಂದದ್ದು. ಆ ಕರಡಿಗೆಯ ಆಕಾರ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿತ್ತು. ತೂಗುವ ಜಾಗ ಎದೆಯ ನಡುವೆ, ಎದುರು ಕೂತವರ ಬಾಯಿಗೆ ಸಮನಾಗಿ. ಮೂಲೆಗಳಿಲ್ಲ, ಸೀರೆಗೆ ಸಿಕ್ಕುವುದಿಲ್ಲ. ಲೋಹವಾದ್ದರಿಂದ ಹೊರಗಿನ ಗುಂಯ್ ಸದ್ದು ಒಳಗೆ ಬಾರದು. ಹಿತ್ತಾಳೆ ತಗಡನ್ನು ಬಡಿದು ಎರಡು ಬಟ್ಟಲು ಮಾಡಿಸಿದ, ಒಂದರ ಬಾಯಿಗೆ ಇನ್ನೊಂದು ಕೂರುವಂತೆ. ಟ್ರಾನ್ಸಿಸ್ಟರುಗಳನ್ನು ಬೆಸೆದಿದ್ದ ಚೌಕನೆಯ ಪುಟ್ಟ ಹಲಗೆಯ ಮೂಲೆಗಳನ್ನು ಅರದಿಂದ ತಿಕ್ಕಿ ದುಂಡು ಮಾಡಿದ. ಮೊದಲ ಸಲ ಮುಚ್ಚಳ ಹಾಕಿದಾಗ ವೈರು ಹಿತ್ತಾಳೆಗೆ ತಾಗಿ ಸೆಲ್ಲು ಬಿಸಿಯಾಯಿತು. ಸೈಕಲ್ ಟ್ಯೂಬು ಕತ್ತರಿಸಿ ಒಳಗೆಲ್ಲ ಅಸ್ತರಿ ಕೊಟ್ಟ. ಹಲಗೆ, ಸೆಲ್ಲು, ಮೈಕು ಮೂರನ್ನೂ ಒಂದೇ ರಟ್ಟಿನ ತೊಟ್ಟಿಲಿಗೆ ಕಟ್ಟಿ, ಬೇಕೆಂದಾಗ ಇಡಿಯಾಗಿ ಈಚೆ ಎಳೆಯುವಂತೆ ಮಾಡಿದ. ಪಕ್ಕದ ಕಲಾಯಿಯವನು ತಗಡಿಗೆ ತವರ ಬಳಿದು ಬೆಳ್ಳಿಯ ಹೊಳಪು ತಂದುಕೊಟ್ಟ.

ಉಳಿದದ್ದು ಮೈಕಿನ ತೂತುಗಳು. ಕರಡಿಗೆಗೆ ತೂತಿದ್ದರೆ ಯಾರಾದರೂ ಕೇಳಿಯೇ ಕೇಳುತ್ತಾರೆ. ಜಡೇಸ್ವಾಮಿ ಒಂದು ದಿನವೆಲ್ಲ ಯೋಚಿಸಿ, ಕೊನೆಗೆ ಸಣ್ಣ ಬೈರಿಗೆಯಿಂದ ಮೂರು ಸಾಲು ತೂತು ಕೊರೆದ, ಒಂದರ ಕೆಳಗೊಂದು, ಮೂರು ಬೆರಳಲ್ಲಿ ಎಳೆದ ವಿಭೂತಿಯಂತೆ. ಕೊರೆದು ಮುಗಿಸಿ ಬೆಳಕಿಗೆ ಹಿಡಿದಾಗ, ಇಷ್ಟು ಚೆಂದದ ಕೆಲಸ ತನ್ನ ಕೈಯಿಂದ ಹಿಂದೆಂದೂ ಆಗಿಲ್ಲ ಅನ್ನಿಸಿತು. ಇಷ್ಟು ಚೆಂದದ ಕೆಲಸ ಒಬ್ಬ ಹೆಂಗಸಿನ ಕಿವಿಯನ್ನು ಮರೆಮಾಡಲಿಕ್ಕೆ ಅಂತಲೂ ಅನ್ನಿಸಿ, ಎದ್ದು ಹೋಗಿ ಗಲ್ಲಿಯಲ್ಲಿ ಉಗಿದು ಬಂದ.

ಭಾನುವಾರ ಯಳಂದೂರಿನ ಮನೆಯಲ್ಲಿ ಅದನ್ನು ಕಟ್ಟಿ ನೋಡಿದರು. ಮೊದಲು ಸೆರಗಿನ ಒಳಗೆ, ನಿಜವಾದ ಕರಡಿಗೆಯ ಪಕ್ಕದಲ್ಲೇ ಇಳಿಬಿಟ್ಟರು. ಚನ್ನಾಜಮ್ಮ ಮುಖ ಹಿಂಡಿದಳು.

“ಏನ್ಲಾ ಇದು, ಒಣಗಿದ್ ಉಲ್ಲು ಎಳ್ದಂಗೆ ಬರಬರಾ ಅಂತದೆ!”

ಸೀರೆ ಉಜ್ಜುವ ಸದ್ದು. ಮೈಕಿಗೆ ಬಟ್ಟೆ ತಾಗಿದರೆ ಬಟ್ಟೆಯೇ ಕೇಳುತ್ತದೆ, ಬೇರೇನೂ ಕೇಳುವುದಿಲ್ಲ. ಸೆರಗಿನ ಮೇಲೆ, ಎಲ್ಲರಿಗೂ ಕಾಣುವಂತೆ ತೂಗಬಿಟ್ಟ ಮೇಲೆಯೇ ಅದು ಬಾಯಿಬಿಟ್ಟದ್ದು. ವೈರನ್ನು ಕಪ್ಪು ದಾರದಲ್ಲಿ ಸುತ್ತಿ ಕತ್ತಿನ ಹಿಂದಿನಿಂದ ತುರುಬಿನೊಳಗೆ ಹಾಯಿಸಿ, ಬಿರಡೆಯನ್ನು ಕಿವಿಗಿಟ್ಟು, ತಲೆ ಮೇಲೆ ಸೆರಗೆಳೆದರು. ಜಡೇಸ್ವಾಮಿ ಗುಂಡಿ ತಿರುಗಿಸಿದ.

ಒಳಗೆ ಸೊಸೆ ಮಹಾಲಕ್ಷ್ಮಮ್ಮ ಒಲೆ ಮುಂದೆ ಕೂತು ಹಸಿ ಸೌದೆಗೂ, ಸೌದೆ ತಂದ ಗಂಡನಿಗೂ, ಇವರಿಬ್ಬರನ್ನೂ ತಲೆಗೆ ಕಟ್ಟಿದ ತನ್ನ ಹಣೆಬರಹಕ್ಕೂ ಸೇರಿಸಿ ಬೈಯುತ್ತಿದ್ದಳು. ಚನ್ನಾಜಮ್ಮನ ಕಣ್ಣು ಅಗಲವಾದವು. ಬಾಯಿಗೆ ಸೆರಗು ಒತ್ತಿಕೊಂಡು ನಗತೊಡಗಿದಳು.

“ದಿನಾ ಇಂಗೇ ಬೈತಿದ್ಲಾ ಇವ್ಳು? ಅಯ್ಯೋ, ನಾನು ಲಿಂಗಪೂಜೆಗೆ ವಚನ ಏಳ್ಕತಾವ್ಳೆ ಅಂದ್ಕಂಡಿದ್ದೆ ಕಣ್ಲಾ!”

ಮಹಾಲಕ್ಷ್ಮಮ್ಮ ಸೌಟು ಹಿಡಿದೇ ಈಚೆ ಬಂದು, ಕೇಳಿಸಿಕೊಂಡಿದ್ದಾರೆಂದು ಗೊತ್ತಾಗಿ, ಬಾಗಿಲಲ್ಲೇ ನಿಂತುಬಿಟ್ಟಳು. ನೀಲ ಓಡಿಬಂದು, “ಅಜ್ಜಿ, ನಾನ್ ಮಾತಾಡದು ಕೇಳ್ತದಾ?” ಎಂದು ಪಿಸುಗುಟ್ಟಿದಳು. ಅಜ್ಜಿ ಮೊಮ್ಮಗಳ ಗಲ್ಲವನ್ನು ಹಿಡಿದುಕೊಂಡು, “ಇನ್ನೊಂದ್ಸಲ ಅನ್ನವ್ವ” ಎಂದಳು. ನೀಲ ಹೇಳಿದ್ದನ್ನೇ ಹೇಳಿದಳು. ಹೀಗೆ ಎಷ್ಟು ಸಲ ಹೇಳಿಸಿದಳೋ.

ಆಮೇಲೆ ಚನ್ನಾಜಮ್ಮ ಡಬ್ಬಿಯನ್ನು ಅಂಗೈಗೆತ್ತಿಕೊಂಡು ತಿರುಗಿಸಿ ನೋಡಿದಳು.

“ಮೊದ್ಲು ಸೋಪ್ ಡಬ್ಬೀಲಿ ಇತ್ತು ಅಂದ್ಯಲ್ಲ, ಇದ್ಯಾಕ್ಲಾ ಕರಡಿಗೆ ತರ ಮಾಡಿದ್ದೀಯೆ?”

ಜಡೇಸ್ವಾಮಿ ಭಾವನ ಮುಖ ನೋಡಿದ. ಶಿವನಂಜಯ್ಯ ಮುಂದೆ ಬಂದು, “ಚೆಂದಕ್ಕೆ ಕಣವ್ವ” ಎಂದ.

“ಕಿವಿಗೆ ಓಲೆ ಚೆಂದ. ಇದ್ಯಾವ್ ಚೆಂದ?” ಎಂದಳು ಅವಳು. ಮತ್ತೆ ಕೇಳಲಿಲ್ಲ. ಮೊಮ್ಮಗಳ ದನಿ ಸಿಕ್ಕಿತ್ತಲ್ಲ. ಅದೇ ಗಳಿಗೆಯಲ್ಲಿ ಜಡೇಸ್ವಾಮಿ ಬಾಯಿಬಿಡಬೇಕಿತ್ತು. ಬಿಡಲಿಲ್ಲ. ಬಿಟ್ಟರೆ ನಾಳೆ ಹಿತ್ತಲ ಕೋಣೆ.

ಸೋಮವಾರ ಬೆಳಗಿನ ಬಸ್ಸಿಗೇ ಸತ್ತೇಗಾಲದವರು ಬಂದರು. ಹುಡುಗ, ಅವನ ಅಪ್ಪ, ಹಿರಿಯಳಾಗಿ ಹುಡುಗನ ಅಜ್ಜಿ ಪುಟ್ಟಮಲ್ಲಮ್ಮ. ಹಣೆ ತುಂಬ ವಿಭೂತಿ, ಬಾಯಿ ತುಂಬ ಎಲೆಯಡಿಕೆ, ದನಿ ಗದ್ದೆಯಾಚೆಗೂ ಕೇಳುವಂಥದು. ಜಮಖಾನದ ಮೇಲೆ ಚನ್ನಾಜಮ್ಮನ ಎದುರಿಗೇ ಕೂತಳು.

“ಏನವ್ವಾ, ಈ ಕಡೆ ಮಳೆ ಬೆಳೆ ಎಂಗೆ?”

“ಕೆರೆ ಕಾಲುಭಾಗ ಅದೆ ಕಣವ್ವ. ನಿಮ್ಗೇನು, ಕಾವೇರಿ ಮಗ್ಗುಲಲ್ಲೇ ಮನಗ್ತೀರಿ.”

“ಮಗ್ಗುಲಲ್ಲೇ ಅವ್ಳೆ, ಮನ್ಸು ಬಂದ್ರೆ ಮನೆ ಒಳಿಕ್ಕೇ ಬತ್ತಾಳೆ!”

ಇಬ್ಬರೂ ನಕ್ಕರು. ಬಾಗಿಲ ಬಳಿ ನಿಂತಿದ್ದ ಜಡೇಸ್ವಾಮಿಗೆ ಎದೆಯುಬ್ಬಿತು. ಒಂದು ಮಾತೂ ತಪ್ಪುತ್ತಿಲ್ಲ. ಕೇಳಿದ್ದಕ್ಕೆ ತಕ್ಕ ಉತ್ತರ, ಅದರ ಮೇಲೊಂದು ಕುಟುಕು. ಎಷ್ಟು ವರ್ಷದಿಂದ ಈ ಅತ್ತೆ ಬರೀ ತಲೆಯಾಡಿಸಿಕೊಂಡು, ಎಲ್ಲರ ತುಟಿ ನೋಡಿಕೊಂಡು ಇದ್ದುಬಿಟ್ಟಳು! ಶಿವನಂಜಯ್ಯನೂ ಬೆವರೊರೆಸಿಕೊಂಡು ಭಾವಮೈದುನನ ಕಡೆ ಕಣ್ಣು ಮಿಟುಕಿಸಿದ. ಆ ಮಿಟುಕಿಗೆ ಜಡೇಸ್ವಾಮಿ ಮುಖ ತಿರುಗಿಸಿದ.

ಮಹಾಲಕ್ಷ್ಮಮ್ಮ ಉಪ್ಪಿಟ್ಟಿನ ತಟ್ಟೆಗಳನ್ನು ತಂದಿಟ್ಟಳು. ಆಗ ಚನ್ನಾಜಮ್ಮ, ಹುಟ್ಟಿದಾಗಿನಿಂದ ಮಾಡಿಕೊಂಡು ಬಂದದ್ದನ್ನೇ ಮಾಡಿದಳು. ಸೆರಗಿನೊಳಗೆ ಕೈಹಾಕಿ, ಶಿವದಾರ ಹಿಡಿದು ತನ್ನ ಕರಡಿಗೆಯನ್ನು ಈಚೆಗೆಳೆದು ಎರಡು ಕಣ್ಣಿಗೂ ಒತ್ತಿಕೊಂಡಳು. ಅದು ಮಾಡದೆ ಅವಳು ಒಂದು ತುತ್ತು ಬಾಯಿಗಿಟ್ಟವಳಲ್ಲ. ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ, ಡಬ್ಬಿ ಮಾಡುವಾಗ ಒಬ್ಬರಿಗೂ ನೆನಪಾಗದ ವಿಷಯ. ಒಂದು ಕರಡಿಗೆ ಕಣ್ಣ ಹತ್ತಿರ. ಇನ್ನೊಂದು ಎದೆಯ ಮೇಲೆ, ಬಿಸಿಲಿಗೆ ಫಳಫಳ.

ಪುಟ್ಟಮಲ್ಲಮ್ಮನ ಕೈ ತಟ್ಟೆಯ ಮೇಲೆ ನಿಂತಿತು.

“ಇದೇನವ್ವಾ, ಎಲ್ಡು ಕಟ್ಟಿದ್ದೀರಿ?”

ಚನ್ನಾಜಮ್ಮ ಉತ್ತರ ಕೊಡಲು ಬಾಯಿ ತೆರೆದಳು. ಅಷ್ಟರಲ್ಲಿ ಶಿವನಂಜಯ್ಯ ನಡುವೆ ಹಾರಿದ.

“ಅದು... ಅದು ನಮ್ಮಪ್ಪಾಜೀದು. ಗ್ಯಾಪ್ಕಕ್ಕೆ ಅಂತ ಅವ್ವ ಮಡೀಕಂಡವ್ರೆ.”

ಜಡೇಸ್ವಾಮಿ ಹಣೆ ಚಚ್ಚಿಕೊಂಡ. ಕಿವುಡನ್ನು ಮುಚ್ಚಲು ಹೋಗಿ ಈ ಪುಣ್ಯಾತ್ಮ ಆಡಿದ್ದೇನು! ಸತ್ತವರ ಲಿಂಗ ಸತ್ತವರ ಅಂಗೈಯಲ್ಲೇ ಇಟ್ಟು ಮಣ್ಣು ಮಾಡಬೇಕು. ಅದನ್ನು ತೆಗೆದಿಟ್ಟುಕೊಳ್ಳುವವರು ಉಂಟೆ?

ಪುಟ್ಟಮಲ್ಲಮ್ಮ ತಟ್ಟೆಯನ್ನು ದೂರ ಸರಿಸಿದಳು. ದನಿ ಮೊದಲಿಗಿಂತ ಸಣ್ಣಗಿತ್ತು, ಅದೇ ಭಯವಾಗುವಂತಿತ್ತು.

“ಕೈಲಿ ಲಿಂಗ ಮಡಗ್ದೆ ಮಣ್ ಮಾಡುದ್ರಾ? ಬರಿಗೈಲಿ ಕಳ್ಸುದ್ರಾ ಯಜಮಾನ್ರನ್ನ?” ಮಗನ ಕಡೆ ತಿರುಗಿದಳು. “ಏಳ್ಲಾ. ಈ ಮನೇಲಿ ನೀರೂ ಬ್ಯಾಡ.”

“ಅಲ್ಲಲ್ಲ, ಅಜ್ಜಮ್ಮಾರೆ, ನಾನಂದಿದ್ದು...” ಶಿವನಂಜಯ್ಯ ಎರಡೂ ಕೈ ಜೋಡಿಸಿದ.

ಜಡೇಸ್ವಾಮಿ ಒಂದು ಹೆಜ್ಜೆ ಮುಂದಿಟ್ಟ. “ಬಾವ, ಈಗ್ಲಾರ ನಿಜ ಏಳ್ತೀಯೋ, ನಾನೇ...”

“ನೀನೂ ಬಾಯ್ಮುಚ್ಚು!”

ಕೂಗಿದವಳು ಚನ್ನಾಜಮ್ಮ. ತನ್ನ ದನಿ ತನಗೇ ಜೋರಾಗಿ ಕೇಳಿ ಅವಳೂ ಬೆಚ್ಚಿದಳು. ಆದರೆ ನಿಲ್ಲಿಸಲಿಲ್ಲ.

“ಎಲ್ಲಾ ಕೇಳುಸ್ತಾ ಅದೆ ನಂಗೆ. ಒಂದೊಂದ್ ಮಾತೂ ಕೇಳುಸ್ತಾ ಅದೆ. ಲೇ ಸಿವನಂಜ, ನಿಮ್ಮಪ್ಪನ್ನ ನಾನು ಬರಿಗೈಲಿ ಕಳುಸ್ದೆ ಅಂದ್ಯಾ? ಈ ಕೈಲಿ ಅವ್ರ ಎಡಗೈಗೆ ಲಿಂಗ ಮಡಗಿ, ಬೆರಳು ಒಂದೊಂದಾಗಿ ಮಡಿಸಿದ್ದು ಯಾರ್ಲಾ? ನೀನೇ ನಿಂತಿದ್ದೆಯಲ್ಲ ಗುಂಡಿ ದಡದಲ್ಲಿ! ನಿಮ್ಮವ್ವ ಕಿವುಡಿ ಅನ್ನಕೆ ನಾಚ್ಕೆ ಆಯ್ತು ನಿಂಗೆ. ನಿಮ್ಮಪ್ಪಂಗೆ ಕೊನೇ ಮರ್ವಾದೆ ಮಾಡ್ನಿಲ್ಲ ಅನ್ನಕೆ ನಾಚ್ಕೆ ಆಗ್ನಿಲ್ವಾ?”

ಅವಳು ತಲೆಯ ಸೆರಗನ್ನು ಎಳೆದು ಹಾಕಿದಳು. ಕಿವಿ, ಬಿರಡೆ, ತುರುಬಿನಿಂದ ಇಳಿದ ವೈರು, ಎಲ್ಲವೂ ಬೆಳಕಿಗೆ ಬಂದವು. ಎದೆಯ ಮೇಲಿನ ಡಬ್ಬಿಯನ್ನು ಬಿಚ್ಚಿ ಮುಚ್ಚಳ ತೆಗೆದು ಪುಟ್ಟಮಲ್ಲಮ್ಮನ ಮುಂದೆ ಹಿಡಿದಳು.

“ನೋಡ್ರವ್ವ. ಇದು ಕರಡಿಗೆ ಅಲ್ಲ. ನಾನು ಕಿವುಡಿ. ಈ ನನ್ ಮಗ ಚಳಿಜ್ವರದಲ್ಲಿ ಮನಗಿದ್ದಾಗ ಅವನ ಪಕ್ಕ ಮನಗಿ ತಕಂಡ ಕಿವುಡು. ಎಣ್ಗೆ ಬರಕಿಲ್ಲ, ಅದ್ರ ಮಕ್ಳಿಗೂ ಬರಕಿಲ್ಲ. ಬಂದ್ರೂ ಇವ್ನಂತ ಮಗ ಉಟ್ಟದೆ ಇದ್ರೆ ಸಾಕು.”

ಪುಟ್ಟಮಲ್ಲಮ್ಮ ಬಗ್ಗಿ ನೋಡಿದಳು. “ಇದೇನು ಒಳಗೆ?”

“ಸೆಲ್ಲು ಕಣ್ರವ್ವ” ಎಂದ ಜಡೇಸ್ವಾಮಿ. “ಟಾರ್ಚ್‌ಗೆ ಆಕ್ತರಲ್ಲ, ಅದ್ರ ಮರಿ.”

“ನೀನು ಮಾಡಿದ್ದಾ? ಕರಡಿಗೇಲಿ ಸೆಲ್ ತುಂಬಕೆ ನಿಂಗೆ ಕೈ ಎಂಗ್ ಬಂತಪ್ಪ?”

ಜಡೇಸ್ವಾಮಿಯ ಹಮ್ಮೆಲ್ಲ ಎಲ್ಲಿಗೋ ಹೋಯಿತು. ಭಾವ ಹೇಳಿದ, ಕೈ ಮಾಡಿತು. ಎರಡೂ ನಿಜ, ಎರಡೂ ಬಾಯಿಗೆ ಬರಲಿಲ್ಲ. “ತಪ್ಪಾಯ್ತು ಕಣ್ರವ್ವ” ಎಂದಷ್ಟೇ ಅಂದ.

ಹುಡುಗನ ಅಪ್ಪ ಬಾಗಿಲವರೆಗೆ ಹೋಗಿದ್ದವನು ಅಲ್ಲೇ ನಿಂತು, “ಅವ್ವ, ಓಗಾನ್ವಾ?” ಎಂದ.

“ಕುಂತ್ಕೊಲಾ” ಎಂದಳು ಪುಟ್ಟಮಲ್ಲಮ್ಮ. “ಕಿವುಡು ಅಂತ ಮುಂಚೇನೇ ಅಂದಿದ್ರೆ ನಾವೇನು ಊರಿಂದ ಆಚಿಕ್ಕೆ ಆಕ್ಬುಡ್ತಿದ್ವಾ? ನಮ್ ಮನೇಲಿ ನಿಮ್ಮಪ್ಪ ಎಲ್ಡು ಕಿವಿ ಇದ್ದೂ ಒಂದಿನ ನನ್ ಮಾತು ಕೇಳ್ನಿಲ್ಲ.” ತಟ್ಟೆಯನ್ನು ಮತ್ತೆ ತನ್ನ ಕಡೆಗೆಳೆದುಕೊಂಡಳು. “ಎಣ್ಣು ಕರೀರಿ. ಬಂದ ಕೆಲ್ಸ ನೋಡಾನ. ಸಂಬಂದದ ಮಾತು ಆಮ್ಯಾಕೆ, ಅದ್ಕೂ ಮುಂಚೆ ಈ ಯಜಮಾನ ಇನ್ನೇನೇನು ಮುಚ್ಚಿಟ್ಟವ್ನೆ ಅಂತ ಕೇಳ್ಬೇಕು.”

ಚನ್ನಾಜಮ್ಮ ಡಬ್ಬಿಯನ್ನು ಮತ್ತೆ ಕಟ್ಟಿಕೊಳ್ಳಲಿಲ್ಲ. ಜಡೇಸ್ವಾಮಿಯ ಕಡೆ ಚಾಚಿದಳು.

“ಆ ಸೋಪ್ ಡಬ್ಬಿ ಎಲ್ಲದ್ಲಾ?”

“ಚೀಲ್ದಲ್ಲದೆ ಅತ್ತೆ. ಸ್ಪೇರ್ ಸೆಲ್ ಆಕಂಡು ಬಂದೆ.”

“ಅದ್ಕೇ ಆಕು.”

“ಅದು ಅಷ್ಟು ಚೆಂದಾಗಿ ಕಾಣಕಿಲ್ಲ ಅತ್ತೆ.”

“ಸೋಪ್ ಡಬ್ಬಿ ಸೋಪ್ ಡಬ್ಬಿ ತರಾನೇ ಕಾಣ್ತದೆ. ಅದ್ಕಿರೋ ಯೋಗ್ತೆ ನಿಮ್ಗಿಬ್ರಿಗೂ ಇಲ್ಲ. ಬೇಗ ಆಕು, ನೀಲ ಬತ್ತಾಳೆ.”

ಜಡೇಸ್ವಾಮಿ ಪಡಸಾಲೆಯ ನಡುವೆಯೇ ಕುಕ್ಕರಗಾಲಲ್ಲಿ ಕೂತು, ರಟ್ಟಿನ ತೊಟ್ಟಿಲನ್ನು ಎಳೆದು ಗುಲಾಬಿ ಡಬ್ಬಿಗೆ ಕೂರಿಸಿದ. ಮೊದಲು ಅಲ್ಲೇ ಇದ್ದದ್ದಲ್ಲವೆ, ಸಲೀಸಾಗಿ ಕೂತಿತು. ಚನ್ನಾಜಮ್ಮ ಅದನ್ನು ಸೆರಗಿನ ಮೇಲೆ ಎಲ್ಲರಿಗೂ ಕಾಣುವಂತೆ ಇಳಿಬಿಟ್ಟು, ತಾನೇ ಗುಂಡಿ ತಿರುಗಿಸಿಕೊಂಡಳು.

ಖಾಲಿಯಾದ ಹಿತ್ತಾಳೆಯ ಕರಡಿಗೆ ಉಳಿಯಿತು. ಜಡೇಸ್ವಾಮಿ ಅದನ್ನು ಭಾವನ ಕೈಗೆ ಕೊಟ್ಟ. ಶಿವನಂಜಯ್ಯ ಅದನ್ನು ಕೆಳಗಿಡಲು ಬಗ್ಗಿದ. ಮೂರು ಗೆರೆಯ ವಿಭೂತಿ ಮೇಲ್ಮುಖವಾಗಿ ಹೊಳೆಯಿತು. ನೆಲಕ್ಕೆ ಇಡಲು ಕೈ ಬರಲಿಲ್ಲ. ದೇವರ ಗೂಡಿನ ಕಡೆ ನೋಡಿದ. ಅಲ್ಲಿಡಲೂ ಮನಸ್ಸು ಬರಲಿಲ್ಲ. ಜೇಬಿಗೆ ಹಿಡಿಸುವಂತಿರಲಿಲ್ಲ.

ಬಳೆಯ ಸದ್ದಾಯಿತು. ಎಲ್ಲರಿಗಿಂತ ಮೊದಲು ತಿರುಗಿ ನೋಡಿದವಳು ಚನ್ನಾಜಮ್ಮ. ನೀಲ ತಟ್ಟೆಯಲ್ಲಿ ಕಾಫಿ ಲೋಟಗಳನ್ನಿಟ್ಟುಕೊಂಡು ಬಂದು, ಅಜ್ಜಿಯರಿಬ್ಬರಿಗೂ ಕೊಟ್ಟು, ಹುಡುಗನಿಗೆ, ಅವನ ಅಪ್ಪನಿಗೆ, ಜಡೇಸ್ವಾಮಿಗೆ ಕೊಟ್ಟು, ಕೊನೆಗೆ ತನ್ನ ಅಪ್ಪನ ಮುಂದೆ ತಟ್ಟೆ ಹಿಡಿದಳು. ಶಿವನಂಜಯ್ಯ ಎರಡು ಅಂಗೈಯಲ್ಲೂ ಆ ಖಾಲಿ ಕರಡಿಗೆಯನ್ನು ಹಿಡಿದು ನಿಂತೇ ಇದ್ದ. ನೀಲ ಸ್ವಲ್ಪ ಹೊತ್ತು ಕಾದು, ಅವನ ಲೋಟವನ್ನು ಒಳಗೆ ವಾಪಸ್ ತೆಗೆದುಕೊಂಡು ಹೋದಳು.